ಖಾಲಿ ಇದೆಯಾ, ಖಾಲಿ ಮಾಡಲಾ?

ನಾನು ಬರೆದ ಮೆಥಡ್ ಒಂದಕ್ಕೆ, ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕಿಗೆ, ‘ಚೆಕ್‌ಸ್ಲಾಟ್’ ಎಂದು ಹೆಸರಿಟ್ಟಿದ್ದೆ. ಅಪಾಯಿಂಟ್‌ಮೆಂಟ್ ಕಾಯ್ದಿರಿಸುವ, ಬೇರೆ ಪ್ರೋಗ್ರಾಂಗಳೂ ಬಳಸುವ ಕೋಡ್ ಲೈಬ್ರರಿಯೊಂದರ ಭಾಗ ಅದು. ದಿನಾಂಕ, ಸಮಯ ಕೊಟ್ಟರೆ ಆ ಹೊತ್ತು ಬಿಡುವಿದೆಯೋ ಇಲ್ಲವೋ ಹೇಳುತ್ತಿತ್ತು, ಅಷ್ಟೆ. ಬರೆದ ದಿನ ಆ ಹೆಸರಿನಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಬಗ್ (ಕೋಡಿನ ದೋಷ) ಬಂತು. ಇಬ್ಬರು ಒಂದೇ ಹೊತ್ತನ್ನು ನೋಡುತ್ತಾರೆ, ಇಬ್ಬರಿಗೂ ಬಿಡುವಿದೆ ಎಂದೇ ಕಾಣುತ್ತದೆ, ಇಬ್ಬರೂ ಫಾರ್ಮ್ ತುಂಬುತ್ತಾರೆ, ಕೊನೆಗೆ ಇಬ್ಬರಿಗೂ ಅದೇ ಸಮಯ ಖಾತ್ರಿಯಾಗಿಬಿಡುತ್ತದೆ. ನಾನು ಚೆಕ್‌ಸ್ಲಾಟ್‌ನ ಒಳಗೇ ನಾಲ್ಕು ಸಾಲು ಸೇರಿಸಿದೆ: ಬಿಡುವಿದ್ದರೆ, ಕೇಳಿದವರ ಹೆಸರಿಗೆ ಆ ಹೊತ್ತನ್ನು ಹತ್ತು ನಿಮಿಷ ಹಿಡಿದಿಡು. ಟೆಸ್ಟ್‌ಗಳು ಪಾಸಾದವು, ರಿವ್ಯೂ ಮಾಡಿದವರು ಒಪ್ಪಿದರು, ಬಗ್ ಹೋಯಿತು. ಹೆಸರು ಮಾತ್ರ ಇದ್ದಂತೆಯೇ ಇತ್ತು.

ಆಮೇಲೆ ಇನ್ನೊಂದು ತಂಡದವರು ಕ್ಯಾಲೆಂಡರ್ ಪರದೆಯೊಂದನ್ನು ಕಟ್ಟಿದರು. ವಾರದ ಒಂದೊಂದು ಚೌಕಕ್ಕೂ ಚೆಕ್‌ಸ್ಲಾಟ್ ಕಾಲ್ ಮಾಡುವುದು (ಕರೆದು ಓಡಿಸುವುದು), ಬಿಡುವಿದ್ದರೆ ಹಸಿರು, ಇಲ್ಲದಿದ್ದರೆ ಬೂದು ಬಣ್ಣ. ಪರದೆ ತೆರೆದ ಮೊದಲನೆಯವರಿಗೆ ವಾರವಿಡೀ ಹಸಿರು ಕಂಡಿತು. ಎರಡನೆಯವರಿಗೆ ವಾರವಿಡೀ ಬೂದು. ಯಾರೂ ಏನನ್ನೂ ಕಾಯ್ದಿರಿಸಿರಲಿಲ್ಲ, ಸುಮ್ಮನೆ ಕಣ್ಣಾಡಿಸಿದ್ದರು. ಕಣ್ಣಾಡಿಸಿದ್ದೇ ಸಾಕಾಗಿ ವಾರದ ಎಲ್ಲ ಹೊತ್ತೂ ಒಬ್ಬರ ಹೆಸರಿಗೆ ಹೋಗಿಬಿಟ್ಟಿತ್ತು.

ಆ ಪರದೆ ಬರೆದವರು ನನಗೆ ಹೇಳಿದ್ದು ಒಂದೇ ಮಾತು: “ಹೆಸರಲ್ಲೇ ಚೆಕ್ ಅಂತ ಇದೆಯಲ್ಲ, ಬರೀ ನೋಡಿ ಹೇಳತ್ತೆ ಅಂದ್ಕೊಂಡೆ.” ಹಿಡಿದಿಡುವ ವಿಷಯವನ್ನು ನಾನು ಡಾಕ್ಯುಮೆಂಟೇಶನ್‌ನಲ್ಲಿ ಬರೆದಿದ್ದೆ, ಮೂರನೆಯ ಸಾಲಿನಲ್ಲಿ. ಓದಬೇಕಿತ್ತು ಎನ್ನಲು ಬಾಯಿ ತೆರೆದೆ, ಹೇಳಲಾಗಲಿಲ್ಲ. ಡಾಕ್ಯುಮೆಂಟೇಶನ್ ತೆರೆಯುವುದು ಅನುಮಾನ ಬಂದಾಗ. ಚೆಕ್ ಎಂಬ ಹೆಸರು ಅನುಮಾನಕ್ಕೆ ಎಡೆಯನ್ನೇ ಕೊಟ್ಟಿರಲಿಲ್ಲ. ಹೆಸರು ಮಸುಕಾಗಿದ್ದಿದ್ದರೆ ಅವರು ಹೋಗಿ ಓದುತ್ತಿದ್ದರೇನೋ. ಸ್ಪಷ್ಟವಾಗಿ ಕಾಣುತ್ತ ತಪ್ಪು ಹೇಳುವ ಹೆಸರು ಅದಕ್ಕಿಂತ ಕೆಟ್ಟದ್ದು, ಓದಲು ಹೊರಟವರನ್ನೂ ಅದು ತಡೆದು ನಿಲ್ಲಿಸುತ್ತದೆ.

ಅದಾದ ಮೇಲೆ ಹೆಸರುಗಳನ್ನು ನಾನು ಬೇರೆ ರೀತಿಯಲ್ಲಿ ನೋಡತೊಡಗಿದೆ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮೌಲ್ಯಗಳನ್ನು ಸಾಲಾಗಿ ಹಿಡಿದಿಡುವ ವೆಕ್ಟರ್‌ಗೆ ‘ಎಂಪ್ಟಿ’ ಎಂಬ ಮೆಥಡ್ ಇದೆ. ಇಂಗ್ಲಿಷಿನಲ್ಲಿ ಆ ಪದ ಗುಣವನ್ನೂ ಹೇಳುತ್ತದೆ, ಕೆಲಸವನ್ನೂ ಹೇಳುತ್ತದೆ. ಹೊಸಬರು ಅದನ್ನು ಕಾಲ್ ಮಾಡಿ ವೆಕ್ಟರ್ ಬರಿದಾಯಿತು ಎಂದು ಮುಂದೆ ಹೋಗುತ್ತಾರೆ. ವಾಸ್ತವದಲ್ಲಿ ಅದು ಒಂದು ಪ್ರಶ್ನೆ, ಹೌದು ಅಥವಾ ಅಲ್ಲ ಎಂದು ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಬರಿದು ಮಾಡುವ ಮೆಥಡ್‌ನ ಹೆಸರು ‘ಕ್ಲಿಯರ್’. ಈ ಎಡವಟ್ಟು ಎಷ್ಟು ಮಾಮೂಲಾಗಿತ್ತೆಂದರೆ ಸಿ ಪ್ಲಸ್ ಪ್ಲಸ್ 20 ಎಂಬ ಆವೃತ್ತಿ ಬರುವಾಗ ಎಂಪ್ಟಿಗೆ ‘ನೋಡಿಸ್ಕಾರ್ಡ್’ (nodiscard, ಬಿಸಾಡಬೇಡ) ಎಂಬ ಗುರುತು ಅಂಟಿಸಿದರು. ಈಗ ಉತ್ತರವನ್ನು ಬಳಸದೆ ಬರೀ ಕಾಲ್ ಮಾಡಿಬಿಟ್ಟರೆ, ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್ ಎಚ್ಚರಿಸುತ್ತದೆ. ಹೆಸರು ಹೇಳದೇ ಬಿಟ್ಟದ್ದನ್ನು ಕಂಪೈಲರ್ ಹೇಳಬೇಕಾಗಿ ಬಂತು.

ಕನ್ನಡದಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. ಖಾಲಿ ಇದೆಯಾ ಎಂದರೆ ಪ್ರಶ್ನೆ. ಖಾಲಿ ಮಾಡು ಎಂದರೆ ಅಪ್ಪಣೆ. ಬರೀ ಖಾಲಿ ಎಂದು ಬಿಟ್ಟರೆ ಕೇಳಿದವರು ‘ಖಾಲಿ, ಏನೀಗ?’ ಎನ್ನುತ್ತಾರೆ. ನಮ್ಮ ಕ್ರಿಯಾಪದಕ್ಕೆ ತುದಿ ಬೇಕೇ ಬೇಕು. ಆ ತುದಿಯಲ್ಲೇ ಕೇಳುತ್ತಿದ್ದೇವೋ, ಮಾಡಿಸುತ್ತಿದ್ದೇವೋ, ಆಗಿಹೋದದ್ದನ್ನು ಹೇಳುತ್ತಿದ್ದೇವೋ ಎಲ್ಲ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲೂ ಪೂರ್ತಿ ವಾಕ್ಯದಲ್ಲಿ ಅದು ಗೊತ್ತಾಗುತ್ತದೆ, ಆದರೆ ಮೆಥಡ್ ಹೆಸರು ಮಾಡುವಾಗ ವಾಕ್ಯವನ್ನು ಕತ್ತರಿಸಿ ಒಂದೆರಡು ಪದ ಮಾತ್ರ ಉಳಿಸುತ್ತೇವೆ. ಕತ್ತರಿಸಿ ಎಸೆದ ಚೂರಿನಲ್ಲೇ ಅರ್ಥ ಹೋಗಿರುತ್ತದೆ.

ಹಾಗಾಗಿ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಇಂಗ್ಲಿಷ್ ಹೆಸರು ಟೈಪ್ ಮಾಡುವ ಮುಂಚೆ ಆ ಮೆಥಡ್ ಮಾಡುವ ಕೆಲಸವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುತ್ತೇನೆ. ತುದಿ ಸಿಗದೆ ನಾಲಿಗೆ ತಡವರಿಸಿದರೆ, ಆ ಮೆಥಡ್ ಏನು ಮಾಡಬೇಕೆಂದು ನನಗೇ ಇನ್ನೂ ತಿಳಿದಿಲ್ಲ ಎಂದರ್ಥ.

ಇದರ ಸೊಗಸು ಹೆಚ್ಚು ಕಾಣುವುದು ನಮ್ಮ ಜೋಡು ಕ್ರಿಯಾಪದಗಳಲ್ಲಿ. ಇಡು, ಕೊಡು, ಬಿಡು, ನೋಡು, ಕೊಳ್ಳು, ಈ ಪುಟ್ಟ ಪದಗಳು ಮುಖ್ಯ ಕ್ರಿಯೆಯ ಬೆನ್ನಿಗೆ ಬಂದು ಕೂತು ಎಷ್ಟೆಲ್ಲ ಹೇಳುತ್ತವೆ! ಪೈಥಾನ್‌ನ ‘ಸಾರ್ಟ್’ ಮತ್ತು ‘ಸಾರ್ಟೆಡ್’ ನೋಡಿ. ಲಿಸ್ಟಿನ ಮೇಲೆ ಸಾರ್ಟ್ ಕಾಲ್ ಮಾಡಿದರೆ ಇದ್ದ ಲಿಸ್ಟನ್ನೇ ಅಲ್ಲೇ ಜೋಡಿಸುತ್ತದೆ, ಏನನ್ನೂ ವಾಪಸ್ ಕೊಡುವುದಿಲ್ಲ. ಸಾರ್ಟೆಡ್ ಇದ್ದದ್ದನ್ನು ಮುಟ್ಟದೆ, ಜೋಡಿಸಿದ ಹೊಸ ಲಿಸ್ಟ್ ಒಂದನ್ನು ಕೊಡುತ್ತದೆ. ಮೊದಲನೆಯದು ಜೋಡಿಸಿಡು, ಎರಡನೆಯದು ಜೋಡಿಸಿ ಕೊಡು. ಕಲಿಯುವ ದಿನಗಳಲ್ಲಿ ನಾನು ಸಾರ್ಟ್‌ನ ಫಲವನ್ನು ಅದೇ ವೇರಿಯಬಲ್‌ಗೆ ಮತ್ತೆ ತುಂಬಿ, ಇದ್ದ ಲಿಸ್ಟನ್ನೂ ಕಳೆದುಕೊಂಡು, ಕೈಯಲ್ಲಿ ‘ನನ್’ (None, ಏನೂ ಇಲ್ಲ) ಹಿಡಿದು ಕೂತಿದ್ದೆ. ಇಡು ಎಂದವನ ಮುಂದೆ ಕೈ ಚಾಚಿ ಕೊಡು ಎಂದಂತಾಗಿತ್ತು. ಪೈಥಾನ್ ಬರೆದವರು ಇಲ್ಲಿ ಸರಿಯಾಗಿಯೇ ಯೋಚಿಸಿದ್ದಾರೆ. ಇಡುವವನು ಕೊಡುವುದಿಲ್ಲ, ಕೊಡುವವನು ಇಟ್ಟದ್ದನ್ನು ಮುಟ್ಟುವುದಿಲ್ಲ. ಸ್ವಿಫ್ಟ್ ಭಾಷೆಯವರು ಇದನ್ನೇ ನಿಯಮವಾಗಿ ಬರೆದಿಟ್ಟು, ಅದೇ ಜೋಡಿ ಹೆಸರುಗಳನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ.

ಜಾವಾ ಭಾಷೆಯಲ್ಲಿ ದಶಮಾಂಶ ಸಂಖ್ಯೆಗಳಿಗಾಗಿ ಇರುವ ಬಿಗ್‌ಡೆಸಿಮಲ್‌ನಲ್ಲಿ ಇದು ತಪ್ಪಿದೆ. ಅದರ ‘ಆ್ಯಡ್’ ಮೆಥಡ್ ಹೊಸ ಸಂಖ್ಯೆಯನ್ನು ಕೊಡುತ್ತದೆ, ಹಳೆಯದು ಬದಲಾಗುವುದೇ ಇಲ್ಲ. ಆದರೆ ಅದೇ ಭಾಷೆಯಲ್ಲಿ ಲಿಸ್ಟಿನ ಆ್ಯಡ್ ಇದ್ದ ಲಿಸ್ಟಿಗೇ ಸೇರಿಸುತ್ತದೆ. ಆ್ಯಡ್ ಎಂದರೆ ಸೇರಿಸು ಎಂದು ಒಮ್ಮೆ ಕಲಿತವರು ಮೊತ್ತಕ್ಕೆ ಬೆಲೆಯನ್ನು ಆ್ಯಡ್ ಮಾಡಿ, ಸೆಮಿಕೋಲನ್ ಹಾಕಿ, ಮುಂದೆ ಹೋಗುತ್ತಾರೆ. ಲೂಪ್ ನೂರು ಸಲ ತಿರುಗಿದರೂ ಮೊತ್ತ ಸೊನ್ನೆಯಲ್ಲೇ ಇರುತ್ತದೆ. 2014ರಲ್ಲಿ ಜಾವಾ 8ರ ಜೊತೆ ದಿನಾಂಕಗಳ ಹೊಸ ಲೈಬ್ರರಿ ಬಂದಾಗ ಅಲ್ಲಿ ಆ್ಯಡ್ ಬದಲು ‘ಪ್ಲಸ್‌ಡೇಸ್’ ಎಂದು ಹೆಸರಿಟ್ಟರು. ಪ್ಲಸ್ ಎಂಬುದರಲ್ಲಿ ಅಪ್ಪಣೆಯ ದನಿಯೇ ಇಲ್ಲ. ಐದಕ್ಕೆ ಮೂರು ಕೂಡಿದರೆ ಎಂಟು, ಹಾಗೆಂದು ಐದು ಎಲ್ಲಿಗೂ ಹೋಗಲಿಲ್ಲ. ಈ ದಿನಕ್ಕೆ ಹತ್ತು ದಿನ ಕೂಡಿದರೆ ಬರುವ ದಿನ, ಅದಷ್ಟನ್ನೇ ಆ ಹೆಸರು ಹೇಳುತ್ತದೆ. ಒಂದು ಪದದ ಬದಲಾವಣೆ ಇಷ್ಟು ಹಗುರವಾಗಿ ಕೆಲಸ ಮಾಡುವುದನ್ನು ನೋಡಿದಾಗ ನನಗೆ ನಿಜವಾದ ಖುಷಿಯಾಗುತ್ತದೆ.

ಕ್ರಿಯಾಪದದ ತುದಿಯಂತೆಯೇ ಹೆಸರುಗಳಿಂದ ಬಿದ್ದುಹೋಗುವ ಇನ್ನೊಂದು ಚೂರು ವಿಭಕ್ತಿ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಎಂದು ಬಾಯಿಪಾಠ ಮಾಡಿದ್ದು ಈ ಕೆಲಸದಲ್ಲಿ ಇಷ್ಟು ನೆನಪಾಗುತ್ತದೆಂದು ಅಂದುಕೊಂಡಿರಲಿಲ್ಲ. ನಕಲು ಮಾಡು ಎಂದು ಎರಡು ಫೈಲ್‌ಗಳ ಹೆಸರು ಕೊಟ್ಟರೆ ಯಾವುದರಿಂದ, ಯಾವುದಕ್ಕೆ? ಸಿ ಭಾಷೆಯ ‘ಸ್ಟ್ರ್‌ಕಾಪಿ’ ಮೊದಲು ‘ಇದಕ್ಕೆ’ ಕೇಳುತ್ತದೆ, ಆಮೇಲೆ ‘ಇದರಿಂದ’. ಯುನಿಕ್ಸ್‌ನ ‘ಸಿಪಿ’ ಕಮ್ಯಾಂಡ್‌ನಲ್ಲಿ ಅದು ತಿರುಗುಮುರುಗು. ಎರಡನ್ನೂ ದಿನವೂ ಬಳಸುವವರಿಗೂ ಒಂದು ಕ್ಷಣ ಕೈ ತಡೆಯುತ್ತದೆ. ಸ್ವಿಫ್ಟ್‌ನಲ್ಲಿ ಪ್ಯಾರಾಮೀಟರ್‌ಗಳಿಗೆ (ಮೆಥಡ್‌ಗೆ ಕೊಡುವ ಮೌಲ್ಯಗಳಿಗೆ) ‘ಫ್ರಮ್’, ‘ಟು’, ‘ಆ್ಯಟ್’ ಎಂದು ಲೇಬಲ್ ಇಡಲು ಬರುತ್ತದೆ, ಕಾಲ್ ಮಾಡುವ ಸಾಲಿನಲ್ಲೂ ಅವು ಕಾಣುತ್ತವೆ. ಅವು ವಿಭಕ್ತಿ ಪ್ರತ್ಯಯಗಳೇ. ಅಂಥ ಸೌಲಭ್ಯವಿಲ್ಲದ ಭಾಷೆಯಲ್ಲಿ ನಾನು ‘ಕಾಪಿಫ್ರಮ್’ ಅಥವಾ ‘ಕಾಪಿಟು’ ಎಂದು ವಿಭಕ್ತಿಯನ್ನು ಹೆಸರಿಗೇ ಅಂಟಿಸುತ್ತೇನೆ. ಎರಡೋ ನಾಲ್ಕೋ ಅಕ್ಷರ ಹೆಚ್ಚು ಟೈಪ್ ಮಾಡಿದರೆ ಯಾರದೋ ಫೈಲ್ ಉಳಿಯುತ್ತದೆ ಎಂದಾದರೆ ಅದರಲ್ಲಿ ಚೌಕಾಸಿ ಮಾಡಬಾರದು.

‘ಎಲ್ಲಿಂದ’ ಎಂಬುದು ಬಿದ್ದುಹೋದರೆ ಏನಾಗುತ್ತದೆಂಬುದಕ್ಕೆ ಜಾವಾದ ‘ಗೆಟ್‌ಬೂಲಿಯನ್’ಗಿಂತ ಸರಿಯಾದ ನಿದರ್ಶನ ನನಗೆ ಗೊತ್ತಿಲ್ಲ. ಟ್ರೂ, ಫಾಲ್ಸ್ ಎಂಬ ಎರಡೇ ಮೌಲ್ಯಗಳಿಗೆ ಸಂಬಂಧಿಸಿದ ಬೂಲಿಯನ್ ಎಂಬ ಕ್ಲಾಸಿನಲ್ಲೇ (ಮೆಥಡ್‌ಗಳನ್ನು ಒಟ್ಟಿಗಿಟ್ಟ ಘಟಕದಲ್ಲೇ) ಇರುವ ಮೆಥಡ್ ಅದು, ಸ್ಟ್ರಿಂಗ್ ಒಂದನ್ನು, ಅಂದರೆ ಅಕ್ಷರಗಳ ಸಾಲೊಂದನ್ನು, ಕೇಳುತ್ತದೆ. ಯಾರಾದರೂ ಏನೆಂದುಕೊಳ್ಳುತ್ತಾರೆ? ‘ಟ್ರೂ’ ಎಂಬ ಅಕ್ಷರಗಳನ್ನು ಕೊಟ್ಟರೆ ಟ್ರೂ ಎಂಬ ಮೌಲ್ಯ ಬರುತ್ತದೆ ಎಂದು ತಾನೆ. ಬರುವುದು ಫಾಲ್ಸ್! ಏಕೆಂದರೆ ಅದು ಆ ಸ್ಟ್ರಿಂಗನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಇಲ್ಲ. ಆ ಹೆಸರಿನ ಸಿಸ್ಟಂ ಪ್ರಾಪರ್ಟಿ (ಓಡುವ ಪ್ರೋಗ್ರಾಂಗೆ ಹೆಸರಿಟ್ಟು ಕೊಟ್ಟ ಸೆಟ್ಟಿಂಗ್) ಒಂದಿದೆಯೇ, ಅದರ ಮೌಲ್ಯ ಟ್ರೂ ಎಂದಿದೆಯೇ ಎಂದು ಹುಡುಕುತ್ತದೆ. ಟ್ರೂ ಎಂದೇ ಹೆಸರಿಟ್ಟ ಪ್ರಾಪರ್ಟಿ ಯಾರ ಬಳಿ ತಾನೆ ಇರುತ್ತದೆ? ಸ್ಟ್ರಿಂಗನ್ನು ಓದಬೇಕಾದರೆ ‘ಪಾರ್ಸ್‌ಬೂಲಿಯನ್’ ಬೇರೆಯೇ ಇದೆ. ಕನ್ನಡದಲ್ಲಿ ‘ತಾ’ ಎಂದು ನೋಡಿ, ಎದುರಿಗಿದ್ದವರು ತಕ್ಷಣ ‘ಎಲ್ಲಿಂದ?’ ಎನ್ನುತ್ತಾರೆ. ಗೆಟ್ ಎಂದು ಬರೆದಾಗೆಲ್ಲ ನಾನು ಆ ಪ್ರಶ್ನೆಗೆ ಕಾಯುತ್ತೇನೆ. ಕೈಯಲ್ಲಿರುವ ಆಬ್ಜೆಕ್ಟಿನಿಂದಲೇ ತೆಗೆದು ಕೊಡುವುದಾದರೆ ಗೆಟ್ ಇರಲಿ. ಡೇಟಾಬೇಸಿನಿಂದಾದರೆ ‘ಲೋಡ್’, ನೆಟ್‌ವರ್ಕಿನಿಂದಾದರೆ ‘ಫೆಚ್’. ನಮ್ಮ ತಂಡದಲ್ಲಿ ಈಗ ಇದು ಕಡ್ಡಾಯ.

ಎಲ್ಲಿಂದ ಎನ್ನುವುದು ಬರೀ ಅಂದಕ್ಕಲ್ಲ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ಅದರಲ್ಲೇ ಇದೆ. ಜಾವಾದ ಹಳೆಯ ಯುಆರ್‌ಎಲ್ ಕ್ಲಾಸಿನಲ್ಲಿ ‘ಈಕ್ವಲ್ಸ್’ ಕಾಲ್ ಮಾಡಿದರೆ, ಎರಡು ಹೋಸ್ಟ್ ಹೆಸರುಗಳು ಒಂದೇ ಐಪಿ ವಿಳಾಸಕ್ಕೆ ಹೋಗುತ್ತವೆಯೇ ಎಂದು ನೋಡಲು ಅದು ಡಿಎನ್‌ಎಸ್ ಅನ್ನು (ಹೆಸರಿನಿಂದ ವಿಳಾಸ ಹುಡುಕಿಕೊಡುವ ಇಂಟರ್ನೆಟ್ ವ್ಯವಸ್ಥೆಯನ್ನು) ಕೇಳಬಹುದು. ಎರಡು ವಸ್ತು ಒಂದೇನಾ ಎಂಬ ಪುಟ್ಟ ಪ್ರಶ್ನೆಗೆ ಉತ್ತರ ಹೇಳಲು ಪ್ರೋಗ್ರಾಂ ನೆಟ್‌ವರ್ಕಿನ ಬಾಗಿಲಲ್ಲಿ ನಿಂತು ಕಾಯುತ್ತದೆ, ನೆಟ್‌ವರ್ಕ್ ಇಲ್ಲದಾಗ ಉತ್ತರವೇ ಬೇರೆಯಾಗಲೂಬಹುದು. ಈಕ್ವಲ್ಸ್ ಎಂಬ ಹೆಸರು ಕೇಳಿ ಇದನ್ನು ಊಹಿಸಬಲ್ಲವರು ಯಾರಿದ್ದಾರೆ?

ನನ್ನ ಕನ್ನಡದ ಪರೀಕ್ಷೆಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ‘ಹ್ಯಾಂಡಲ್‌ಡೇಟಾ’ ಎಂಬ ಹೆಸರನ್ನು ‘ದತ್ತಾಂಶವನ್ನು ನಿರ್ವಹಿಸು’ ಎಂದುಬಿಟ್ಟರೆ ತುದಿಯೂ ಸರಿ, ವಿಭಕ್ತಿಯೂ ಸರಿ, ವ್ಯಾಕರಣದಲ್ಲಿ ಕೊರತೆಯೇ ಇಲ್ಲ. ಆದರೆ ಅದು ಏನನ್ನೂ ಹೇಳಲಿಲ್ಲ. ಪ್ರೊಸೆಸ್ ಎನ್ನುವುದನ್ನು ‘ಸಂಸ್ಕರಿಸು’ ಎಂದರೂ ಹಾಗೆಯೇ. ಪುಸ್ತಕದ ಕನ್ನಡ ಇಂಗ್ಲಿಷಿನಷ್ಟೇ ಚೆನ್ನಾಗಿ ಅಡಗಿಸಿಡುತ್ತದೆ. ಅದಕ್ಕೇ ನಾನು ಇನ್ನೊಂದು ಷರತ್ತು ಸೇರಿಸಿಕೊಂಡೆ: ವಾಕ್ಯ ಆಡುಮಾತಿನದ್ದಾಗಿರಬೇಕು. ಕಳಿಸು, ತೆಗೆ, ಅಳಿಸು, ಎಣಿಸು, ಬರೆದಿಡು, ಎರಡು ಭಾಗ ಮಾಡು. ಕೈಯಿಂದ ಮಾಡಿ ತೋರಿಸಬಹುದಾದ ಕ್ರಿಯೆಗಳು ಇವು. ‘ನಿರ್ವಹಿಸು’ ಎಂಬುದನ್ನು ಕೈಯಲ್ಲಿ ಮಾಡಿ ತೋರಿಸಿ ಎಂದರೆ ಯಾರಿಂದಲೂ ಆಗದು. ಹ್ಯಾಂಡಲ್‌ಡೇಟಾ ಬರೆದವರನ್ನು ಕೂರಿಸಿಕೊಂಡು ‘ಇದು ಏನ್ ಮಾಡತ್ತೆ?’ ಎಂದು ಕೇಳಿದರೆ, ‘ಬಂದ ಸಾಲುಗಳಲ್ಲಿ ಎರಡೆರಡು ಸಲ ಇರೋದನ್ನ ತೆಗೆದು, ಉಳಿದದ್ದನ್ನ ಬರೆದಿಡತ್ತೆ’ ಎನ್ನುತ್ತಾರೆ. ಆ ಮಾತಿನಲ್ಲೇ ಹೆಸರು ಇದೆ. ಅಷ್ಟೇ ಅಲ್ಲ, ತೆಗೆಯುವುದು ಒಂದು ಕೆಲಸ, ಬರೆದಿಡುವುದು ಇನ್ನೊಂದು ಎಂಬುದೂ ಅಲ್ಲೇ ಇದೆ.

ನನ್ನ ಚೆಕ್‌ಸ್ಲಾಟ್‌ನಲ್ಲೂ ಹಾಗೇ ಆಯಿತು. ಅದನ್ನು ಬಾಯಿಬಿಟ್ಟು ಹೇಳಿದಾಗ ಬಂದದ್ದು ‘ಬಿಡುವಿದೆಯಾ ನೋಡಿ, ಇದ್ದರೆ ಹಿಡಿದಿಡು’. ಒಂದೇ ಮೆಥಡ್‌ನಲ್ಲಿ ಒಂದು ಪ್ರಶ್ನೆ, ಒಂದು ಅಪ್ಪಣೆ. ಇದು ನನ್ನೊಬ್ಬನ ತಪ್ಪೇನಲ್ಲ. ಜಾವಾದಲ್ಲಿ ಥ್ರೆಡ್ ಎಂದರೆ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ; ಅದಕ್ಕೆ ತಡೆಯ ಸೂಚನೆ ಬಂದಿದ್ದರೆ ಒಂದು ಗುರುತು ಬೀಳುತ್ತದೆ. ಅದನ್ನು ತಿಳಿಯಲು ಥ್ರೆಡ್ ಕ್ಲಾಸಿನಲ್ಲಿ ‘ಇಸ್‌ಇಂಟರಪ್ಟೆಡ್’, ‘ಇಂಟರಪ್ಟೆಡ್’ ಎಂದು ಎರಡಿವೆ. ಮೊದಲನೆಯದು ಬರೀ ನೋಡಿ ಹೇಳುತ್ತದೆ. ಎರಡನೆಯದು ನೋಡಿ ಹೇಳಿ, ಹೇಳಿದ ಕೂಡಲೇ ಗುರುತನ್ನು ಅಳಿಸಿಬಿಡುತ್ತದೆ. ಅದನ್ನು ಸಾಲಾಗಿ ಎರಡು ಸಲ ಕೇಳಿದರೆ ಮೊದಲು ಹೌದು ಎಂದದ್ದು ಮರುಕ್ಷಣ ಅಲ್ಲ ಎನ್ನುತ್ತದೆ. ಪ್ರಶ್ನೆ ಕೇಳಿದ್ದಕ್ಕೇ ಉತ್ತರ ಬದಲಾಗಬಾರದು. ಇಷ್ಟನ್ನು ಮಾತ್ರ ಎಲ್ಲ ಎಪಿಐಗಳೂ (ಬೇರೆಯವರು ಬಳಸಲೆಂದು ಕೊಟ್ಟ ಮೆಥಡ್‌ಗಳ ಗುಂಪುಗಳೂ) ಪಾಲಿಸಲಿ ಎಂದು ನನ್ನ ಆಸೆ.

ಮೊದಲು ಹೊಳೆದ ಹೆಸರು ‘ಚೆಕ್‌ಆ್ಯಂಡ್‌ಹೋಲ್ಡ್‌ಸ್ಲಾಟ್’. ಉದ್ದವಾದರೂ ನಿಜ ಹೇಳುತ್ತದೆ. ಆದರೆ ಕ್ಯಾಲೆಂಡರ್ ಬರೆದವರಿಗೆ ಹಿಡಿಯುವುದು ಬೇಕಿರಲಿಲ್ಲ. ಸರಿ, ಎರಡು ಮಾಡೋಣ ಎಂದರೆ ಹಳೆಯ ಬಗ್ ವಾಪಸ್ ಬರುತ್ತದೆ: ಒಬ್ಬರು ನೋಡುವುದಕ್ಕೂ ಹಿಡಿಯುವುದಕ್ಕೂ ನಡುವೆ ಇನ್ನೊಬ್ಬರು ನುಗ್ಗಿಬಿಡುತ್ತಾರೆ. ಒಂದು ಸಂಜೆಯೆಲ್ಲ ಇದರ ಮುಂದೆ ಕೂತಿದ್ದೆ. ಬಿಡಿಸಿದ್ದು ಆ ಪುಟ್ಟ ಪದ, ನೋಡು. ಕನ್ನಡದಲ್ಲಿ ‘ಹಿಡಿದು ನೋಡು’ ಎಂದರೆ ಹಿಡಿಯಲು ಕೈ ಹಾಕು, ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಎಂದು ಹೇಳು. ಮೊದಲೇ ಹೋಗಿ ಬಿಡುವಿದೆಯಾ ಎಂದು ವಿಚಾರಿಸುವ ಹಂತವೇ ಅದರಲ್ಲಿಲ್ಲ. ವಿಚಾರಣೆ ಹಿಡಿತದೊಳಗೇ ಇದೆ, ನಡುವೆ ಯಾರೂ ನುಗ್ಗಲು ಜಾಗವಿಲ್ಲ. ಸಿ ಶಾರ್ಪ್‌ನಲ್ಲಿ ‘ಟ್ರೈಪಾರ್ಸ್’ ಇರುವುದು ಇದೇ ಅರ್ಥದಲ್ಲಿ, ಓದಿ ನೋಡು. ಕೊಟ್ಟ ಅಕ್ಷರಗಳನ್ನು ಓದಲಾಗದಿದ್ದರೆ ಎಕ್ಸೆಪ್ಶನ್ (ಪ್ರೋಗ್ರಾಂನ ಓಟವನ್ನೇ ತಡೆಯುವ ದೋಷಸೂಚನೆ) ಎಸೆದು ಗಲಾಟೆ ಮಾಡದೆ, ಆಗಲಿಲ್ಲ ಎಂದು ಫಾಲ್ಸ್ ಕೊಡುತ್ತದೆ.

ಹೀಗೆ ‘ಟ್ರೈಹೋಲ್ಡ್‌ಸ್ಲಾಟ್’ ಮತ್ತು ‘ಇಸ್‌ಸ್ಲಾಟ್‌ಫ್ರೀ’ ಎಂದು ಎರಡಾದವು. ಎರಡನೆಯದರ ಬಗ್ಗೆ ನನಗೆ ಇಂದಿಗೂ ಪೂರ್ತಿ ಸಮಾಧಾನವಿಲ್ಲ. ಅದು ಕೊಟ್ಟ ಉತ್ತರ ಕೈಗೆ ಬರುವಷ್ಟರಲ್ಲೇ ಹಳತಾಗಿರಬಹುದು. ಕನ್ನಡದಲ್ಲಾದರೆ ‘ಬಿಡುವು ಇದ್ದ ಹಾಗಿದೆ’ ಎನ್ನುತ್ತಿದ್ದೆ, ಆ ‘ಇದ್ದ ಹಾಗಿದೆ’ಯಲ್ಲಿ ಬೇಕಾದಷ್ಟು ಎಚ್ಚರವಿದೆ. ಇಂಗ್ಲಿಷ್ ಹೆಸರಿನಲ್ಲಿ ಅದನ್ನು ತರಲು ನನ್ನಿಂದ ಆಗಿಲ್ಲ.

ಹೆಸರು ಹೊಸದಾದರೂ ಹಳೆಯದು ಹೋಗುವುದು ಸುಲಭವಲ್ಲ. ನಮ್ಮದೇ ಕೋಡ್ ಆದರೆ ಎಡಿಟರ್‌ನಲ್ಲಿ ರಿನೇಮ್ ಒತ್ತಿದರೆ ಮುಗಿಯಿತು. ಹೊರಗಿನವರು ಬಳಸಲು ಶುರು ಮಾಡಿದ ಮೇಲೆ ಹೆಸರು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಬ್ರೌಸರ್ ಮತ್ತು ಜಾಲತಾಣ ಮಾತಾಡಿಕೊಳ್ಳುವ ಎಚ್‌ಟಿಟಿಪಿಯಲ್ಲಿ, ಯಾವ ಪುಟದಿಂದ ಬಂದಿರಿ ಎಂದು ತಿಳಿಸುವ ‘ರೆಫರರ್’ ಎಂಬ ಹೆಡರ್‌ನ ಕಾಗುಣಿತ ತಪ್ಪಿದೆ, ಒಂದು ‘ಆರ್’ ಕಡಿಮೆ. 1996ರಲ್ಲಿ ಎಚ್‌ಟಿಟಿಪಿ 1.0ರ ವಿವರಗಳು ಪ್ರಕಟವಾದಾಗಲೇ ಆ ತಪ್ಪು ಒಳಗೆ ಸೇರಿತ್ತು, ಇಂದೂ ಪ್ರತಿಯೊಂದು ಬ್ರೌಸರ್ ಅದನ್ನು ತಪ್ಪಾಗಿಯೇ ಬರೆಯುತ್ತದೆ, ಬರೆಯಲೇಬೇಕು. ಬೇರೆಯವರ ಹೆಸರು ನಮ್ಮ ದಾರಿಗೆ ಅಡ್ಡ ಬರುವುದೂ ಉಂಟು. ಜಾವಾಸ್ಕ್ರಿಪ್ಟ್‌ಗೆ, ಲಿಸ್ಟಿನೊಳಗಿನ ಲಿಸ್ಟುಗಳನ್ನು ಬಿಡಿಸಿ ಒಂದೇ ಸಾಲು ಮಾಡುವ ‘ಫ್ಲಾಟನ್’ ಎಂಬ ಮೆಥಡ್ ತರಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಬಳಸಿದ್ದರಿಂದ, ಅದನ್ನು ನೆಚ್ಚಿದ ಹಳೆಯ ಜಾಲತಾಣಗಳು ಕೆಡುತ್ತವೆಂದು 2018ರಲ್ಲಿ ಗೊತ್ತಾಯಿತು. ಕೊನೆಗೆ ಭಾಷೆಗೆ ಬಂದದ್ದು ‘ಫ್ಲಾಟ್’. ಕ್ರಿಯಾಪದ ಹೋಗಿ ವಿಶೇಷಣ ಉಳಿಯಿತು. ಯಾರನ್ನೂ ದೂರುವಂತಿಲ್ಲ, ಜನರ ತಾಣಗಳನ್ನು ಕೆಡಿಸದಿರುವುದು ಒಳ್ಳೆಯ ಹೆಸರಿಗಿಂತ ದೊಡ್ಡದು.

ಆದ್ದರಿಂದ ಚೆಕ್‌ಸ್ಲಾಟ್ ಇನ್ನೂ ಇದೆ, ಡೆಪ್ರಿಕೇಟ್ ಆಗಿ (ಇನ್ನು ಬಳಸಬೇಡಿ ಎಂಬ ಗುರುತು ಹೊತ್ತು), ಕಾಲ್ ಮಾಡಿದಾಗೊಮ್ಮೆ ಎಚ್ಚರಿಕೆ ಕೊಡುತ್ತ. ಅದನ್ನು ಬಳಸುವ ಒಂದೊಂದು ಜಾಗಕ್ಕೂ ನಾನೇ ಹೋದೆ. ಹೆಸರು ಮಾತ್ರ ನೋಡಿದರೆ ಎಲ್ಲವೂ ಒಂದೇ, ಸುತ್ತಲಿನ ಕೋಡ್ ಓದಿದಾಗಲೇ ಯಾರಿಗೆ ಏನು ಬೇಕಿತ್ತೆಂದು ತಿಳಿಯುತ್ತಿತ್ತು. ಫಾರ್ಮಿನ ಮುಂಚೆ ಇದ್ದದ್ದು ಹಿಡಿಯಲು, ಬಣ್ಣ ಹಚ್ಚುವಲ್ಲಿ ಇದ್ದದ್ದು ಕೇಳಲು. ಒಂದು ಕಡೆ ಮಾತ್ರ ಎಷ್ಟು ಓದಿದರೂ ಬಗೆಹರಿಯಲಿಲ್ಲ. ರಾತ್ರಿ ಒಮ್ಮೆ ತಾನಾಗಿ ಓಡಿ ವರದಿ ತಯಾರಿಸುವ ಕೋಡ್ ಅದು. ಬರೆದವರಿಗೆ ಫೋನ್ ಮಾಡಿ, “ನೀವಿಲ್ಲಿ ಬಿಡುವಿದೆಯಾ ಅಂತ ಕೇಳ್ತಿದ್ದೀರೋ, ಹಿಡಿದಿಡ್ತಿದ್ದೀರೋ?” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಅದು ಹಿಡಿದೂ ಇಡತ್ತಾ?” ಎಂದರು.